ಬಾಡಿಗೆ ತೋಳು

‘ಸಾವಿರದ ಒಂಬೈನೂರ ನಲವತ್ತನಾಲ್ಕನೇ ಇಸವಿ ಸೆಪ್ಟೆಂಬರ್ ಹನ್ನೊಂದು, ಸೋಮವಾರ. ಬೆಳಗಿನಿಂದ ಮೋಡ, ಮಳೆಯಿಲ್ಲ’… ಅಯ್ಯೋ ನಿನ್ನ! ಅರ್ಜಿಗೆ ಮೋಡ ಯಾಕೋ ರಹೀಮ? ಮಂಡ್ಯದಲ್ಲಿ ಕೂತಿರೋ ದೊಡ್ಡ ಡಾಕ್ಟರಿಗೆ ನಮ್ಮ ಮದ್ದೂರಿನ ಮೋಡ ಕಟ್ಟಿಕೊಂಡು ಏನಾಗಬೇಕು? ಏನು… ಮಿಲಿಟರಿ ಷೆಡ್ಡಿನಲ್ಲಿ ದಿನಾ ಹಿಂಗೇ ಬರೆಯೋದಾ? ಲಾರಿ ಕೆಟ್ಟರೆ ಮೊದಲು ಮೋಡ ನೋಡ್ಬೇಕಾ? ಇದೇ ಕಣೋ ಈ ಲಡಾಯಿ ಐದು ವರ್ಷವಾದ್ರೂ ಮುಗೀದೇ ಇರೋದು!

ಸರಿ ಬುಡು, ಮೋಡ ಇರಲಿ. ಆ ಮುಂದಿನ ಸಾಲು ಇನ್ನೊಂದು ಸಲ ಓದು. ಬೇಡ… ಓದಬೇಡ. ಒಂದೇ ಸಲಕ್ಕೆ ನನಗೆ ಬಾಯಿಪಾಠ ಆಗೋಯ್ತು. ‘ಕಾಲರಾ ಸೂಜಿ ಹಾಕುವ ಸಿದ್ದರಾಮು ಎಂಬಾತ ನನ್ನ ಹೆಂಡತಿ ಶಮೀಮ್ ಬಾನುವಿಗೆ ಔಷಧಿಯ ಬದಲು ಬರೀ ನೀರು ಚುಚ್ಚಿ, ಔಷಧಿಯೆಂದು ಚೀಟಿ ಕೊಟ್ಟು, ಆಕೆಯ ಸಾವಿಗೆ ಕಾರಣನಾದ್ದರಿಂದ…’ ಆದ್ದರಿಂದ? ಕೆಲಸದಿಂದ ತೆಗೆದು ಜೈಲಿಗೆ ಹಾಕಬೇಕು. ಭಲೇ! ನೇಣು ಒಂದು ಬುಟ್ಟುಬುಟ್ಟೆಯಲ್ಲ, ಹಾಳೇಲಿ ಜಾಗ ಸಾಲಲಿಲ್ವಾ?

ಕೂತ್ಕೋ. ಆ ಚಾಪೆ ಎಳ್ಕೋ. ಬಸ್ಸು ಎಲ್ಲಿಗೂ ಓಡಿ ಹೋಗಲ್ಲ. ಇದ್ದಲು ಬಸ್ಸು ಅದು. ಹಿಂದುಗಡೆ ಒಲೆ ಹಚ್ಚಿ, ಊದಿ ಊದಿ, ಹೊಗೆ ಎಬ್ಬಿಸಿ, ಅದು ಹೊರಡೋ ಹೊತ್ತಿಗೆ ನಾನು ಒಂದು ಹೆರಿಗೆ ಮುಗಿಸಿ ಬಾಣಂತಿಗೆ ನೀರು ಹಾಕಿ ಬರಬಹುದು. ಅಸ್ಸಾಮಿನಿಂದ ಐದು ದಿನ ರೈಲಿನಲ್ಲಿ ಕೂತು ಬಂದವನಿಗೆ, ನಿನ್ನ ಹೊಕ್ಕಳುಬಳ್ಳಿ ಕುಯ್ದ ಜಾನ್ ಬೀ ಮನೇಲಿ ಒಂದು ಲೋಟ ಚಾ ಕುಡಿಯೋಕೆ ಪುರುಸೊತ್ತಿಲ್ವಾ?

ತಗೋ. ಬೆಲ್ಲದ್ದು. ಸಕ್ಕರೆ ಮಾಡೋ ಊರಿನ ಪಕ್ಕದಲ್ಲೇ ಇದ್ದೀವಿ, ಸಕ್ಕರೆ ಮಾತ್ರ ನಿಮ್ಮ ಲಡಾಯಿಗೆ. ಎಡಗೈಲಿ ಕೊಟ್ಟಳು ಅಂತ ಮೂತಿ ಸಿಂಡರಿಸಬೇಡ. ಬಲಗೈಗೆ ವಾಯು ಹಿಡಿದೈತೆ. ಸೆರಗಿನೊಳಗೆ ಬೆಚ್ಚಗೆ ಇಟ್ಕೊಂಡ್ರೆ ಸುಮ್ಮನಿರ್ತದೆ. ಹೆರಿಗೆನಾ? ಈಗ ಹೋಗಲ್ಲ. ಬುಟ್ಟೆ. ಮೂವತ್ತು ವರ್ಷ ಸಾಕು ಕಣಪ್ಪ, ಊರಲ್ಲಿ ಅರ್ಧ ಜನದ ಬೋಡು ತಲೆ ಮೊದಲು ನೋಡಿದವಳು ನಾನೇ. ಇನ್ನೇನು ನೋಡೋದೈತೆ?

ಈಗ ಕೇಳು. ಆ ಸಿದ್ದರಾಮು ನೀರು ಚುಚ್ಚೋ ಆಸಾಮಿ ಅಲ್ಲ. ಮಳವಳ್ಳಿ ಕಡೆ ಹುಡುಗ. ಮೀಸೆ ಇನ್ನೂ ಬರಲೋ ಬೇಡವೋ ಅಂತ ಕೇಳ್ತಾ ಐತೆ. ಮನೇಲಿ ತಾಯಿ ಒಬ್ಬಳೇ. ಆ ನೌಕರಿ ಹೋದ್ರೆ… ಗೊತ್ತು ಕಣೋ, ಗೊತ್ತು! ನಿನ್ನ ಹೆಂಡತಿ ಹೋದಳು, ಅವನ ನೌಕರಿ ಕಟ್ಟಿಕೊಂಡು ನಿನಗೇನು? ಆದ್ರೂ ಮಾಡದೇ ಇರೋ ತಪ್ಪಿಗೆ ಅವನ ಕುತ್ತಿಗೆ ಹಿಡೀಬಾರದಲ್ಲ. ಅಷ್ಟೇ ನಾನು ಹೇಳೋದು.

ನೀನು ಇರಲಿಲ್ಲ. ನೀನು ಎಲ್ಲೋ ಕಾಡಲ್ಲಿ ಲಾರಿ ಕೆಳಗೆ ಮಲಗಿದ್ದೆ. ಮೇ ತಿಂಗಳಲ್ಲಿ ನಮ್ಮ ಬೀದೀಲಿ ಏನು ನಡೀತು ಅಂತ ನಿನಗೇನು ಗೊತ್ತು? ಮೊದಲು ಹೊಳೆ ಕಡೆ ಗುಡಿಸಲುಗಳಲ್ಲಿ ಎರಡು ಸಾವು. ಆಮೇಲೆ ನಮ್ಮಲ್ಲಿ. ಇಡೀ ಬೀದಿ ಚೊಂಬು ಹಿಡ್ಕೊಂಡು ಓಡೋದೇ ಓಡೋದು. ಸಲಾಮ್ ಹೇಳೋಕೂ ಯಾರೂ ನಿಲ್ತಿರಲಿಲ್ಲ! ಅಷ್ಟರಲ್ಲಿ ಸಿದ್ದರಾಮು ಬಂದ, ಸೈಕಲ್ಲಿಗೆ ಒಂದು ಪೆಟ್ಟಿಗೆ ಕಟ್ಕೊಂಡು. ಬಂದವನೇ ಬಾವಿಗೆ ಕೆಂಪು ಪುಡಿ ಸುರಿದ. ನೀರು ದಾಳಿಂಬೆ ರಸ ಆಗೋಯ್ತು. ‘ಬಾವಿಗೆ ರಕ್ತ ಬುಟ್ಟ’ ಅಂತ ಜನ ದೊಣ್ಣೆ ತಂದ್ರು. ಆ ಹುಡುಗ ಏನು ಮಾಡಿದ ಗೊತ್ತಾ? ಒಂದು ಚೊಂಬು ಸೇದಿ, ಎಲ್ಲರ ಮುಂದೆ ಗಟಗಟ ಕುಡಿದ. ಕುಡಿದು, ಕೆಂಪು ಬಾಯಲ್ಲಿ ನಕ್ಕ. ಮಕ್ಕಳೆಲ್ಲ ಹೆದರಿ ಓಡಿದ್ವು.

ನಜೀರ್ ಅಹ್ಮದ್ ಮಾತ್ರ ನಂಬಲಿಲ್ಲ. ರೇಷನ್ ಡಿಪೋ ನಜೀರ್ ಅಹ್ಮದ್ ಕಣೋ, ಬೀದಿಗೆಲ್ಲ ದೊಡ್ಡ ಮನುಷ್ಯ, ತಾನು ಹೇಳಿದ್ದೇ ಕಾನೂನು ಅನ್ನೋನು. ನಂಬದೇ ಇದ್ದವನು ಅದೇ ನೀರಲ್ಲಿ ಒಂದು ವಾರ, ನಮಾಜಿಗೆ ಮುಂಚೆ ಕೈ ಮುಖ ತೊಳೆದು, ವುಜೂ ಮಾಡಿದ. ಬಿಳೀ ಗಡ್ಡ ಹಳೇ ಬಾಣಲೆ ಬಣ್ಣಕ್ಕೆ ತಿರುಗಿತು. ‘ಮೆಹಂದಿ ಖರ್ಚು ಉಳೀತಲ್ಲ ಬುಡಿ ಭಾಯಿ’ ಅಂದೆ. ನನ್ನ ಜೊತೆ ಇವತ್ತಿಗೂ ಮಾತಾಡಲ್ಲ!

ಹಾ… ನಕ್ಕೆಯಾ? ನಕ್ಕೆ, ನಾನು ನೋಡಿದೆ. ಮುಚ್ಚಿಟ್ಕೋಬೇಡ. ಅವಳೂ ಇದಕ್ಕೆ ಬಿದ್ದು ಬಿದ್ದು ನಕ್ಕಿದ್ದಳು, ಹೊಟ್ಟೆ ಹಿಡ್ಕೊಂಡು. ಆರು ತಿಂಗಳ ಹೊಟ್ಟೆ…

ಚಾ ಆರಿ ಹೋಗ್ತದೆ, ಕುಡಿ.

ಆಮೇಲೆ ಈ ಚೀಟಿ ರಗಳೆ. ಸೂಜಿ ಹಾಕಿಸಿಕೊಂಡವರಿಗೆ ಸಿದ್ದರಾಮು ಒಂದು ಚೀಟಿ ಕೊಡ್ತಿದ್ದ, ಈಗ ನಿನ್ನ ಜೇಬಲ್ಲಿ ಐತಲ್ಲ ಅದೇ. ಯಾರೂ ಹಾಕಿಸ್ಕೊಳ್ಳಲಿಲ್ಲ. ಆಗ ನಜೀರ್ ಅಹ್ಮದನಿಗೆ ದೊಡ್ಡತನ ಬಂತು. ‘ಮನೇಲಿರೋ ಎಲ್ಲರ ಚೀಟಿ ತಂದವರಿಗೇ ರಾಗಿ, ಅವರಿಗೇ ಸೀಮೆಎಣ್ಣೆ’ ಅಂದ. ಗಂಡಸರೆಲ್ಲ ಹಲ್ಲು ಕಚ್ಕೊಂಡು ತೋಳು ಕೊಟ್ರು. ಹೆಂಗಸರು? ಪರದೆಯೊಳಗಿರೋರು ಒಬ್ಬ ಪರಗಂಡಸಿನ ಕೈಗೆ ತೋಳು ಹೆಂಗೋ ಕೊಡ್ತಾರೆ? ಅದಕ್ಕೂ ಅವನೇ ದಾರಿ ಹುಡುಕಿದ. ತನ್ನ ಮನೆ ನಡುಬಾಗಿಲಿಗೆ ಒಂದು ದುಪ್ಪಟಿ ಕಟ್ಟಿದ. ದುಪ್ಪಟಿಗೆ ಒಂದು ತೂತು. ತೂತಿನಿಂದ ತೋಳು ಮಾತ್ರ ಆಚೆಗೆ. ಒಳಗೆ ಕೂತು ಹೆಸರು ಕೂಗಿ, ತೋಳು ಹಿಡಿದು ತೂತಿಗೆ ತೂರಿಸೋಕೆ ನಾನು. ಆಚೆ ಸಿದ್ದರಾಮು. ಅವನಿಗೆ ಕಟ್ಟಪ್ಪಣೆ ಏನು? ಮುಖ ಆ ಕಡೆ ತಿರುಗಿಸಿ ಚುಚ್ಚಬೇಕು!

ಮುಖ ತಿರುಗಿಸಿ ಹೆಂಗೋ ಚುಚ್ಚೋದು? ನೀನು ಮುಖ ತಿರುಗಿಸಿ ಲಾರಿ ರಿಪೇರಿ ಮಾಡು ನೋಡೋಣ. ಮೊದಲನೇ ದಿನ ಬಾಗಿಲ ಚೌಕಟ್ಟಿಗೇ ಎರಡು ಸಲ ಚುಚ್ಚಿದ ಪಾಪ. ಆ ಬಾಗಿಲಿಗೆ ಇನ್ನು ಈ ಜನ್ಮದಲ್ಲಿ ಕಾಲರಾ ಬರಲ್ಲ.

ಯಾಕೆ ಎದ್ದೆ? ಬಸ್ಸಿನ ಹಾರನ್ನಾ? ಅದು ಬಸ್ಸಲ್ಲ, ಗೌಸ್ ಪೀರ್ ಮನೆ ಮೇಕೆ. ಕೂತ್ಕೋ. ಸುತ್ತಿ ಬಳಸಿ ಹೇಳ್ತಾ ಇದ್ದೀನಿ ಅನ್ನಿಸ್ತಾ? ಸರಿ, ನೇರವಾಗೇ ಹೇಳ್ತೀನಿ. ಆ ಔಷಧಿ ನೀರಲ್ಲ ಅಂತ ನನಗೆ ಹೆಂಗೆ ಗೊತ್ತು ಕೇಳು. ಕೇಳಲ್ವಾ? ಕೇಳದೇ ಇದ್ರೂ ಹೇಳ್ತೀನಿ. ಅದು ನನ್ನ ತೋಳಿಗೆ ಗೊತ್ತು. ಒಂದಲ್ಲ ಎರಡಲ್ಲ, ಐದು ಸೂಜಿ ಚುಚ್ಚಿಸಿಕೊಂಡವಳು ನಾನು. ಮೂರು ದಿನದಲ್ಲಿ ಐದು!

ಹಂಗೆ ನೋಡಬೇಡ. ತೋಳು ಬಾಡಿಗೆಗೆ ಕೊಟ್ಟೆ. ಹೂಂ, ಬಾಡಿಗೆಗೆ. ಸೈಕಲ್ ಕೊಡಲ್ವಾ ಹಂಗೆ. ಶುರು ಮಾಡಿದ್ದು ಬಿಬಿ ಜಾನ್. ‘ಸೂಜಿ ಕಂಡ್ರೆ ನನ್ನ ಜೀವ ಹೋಗ್ತದೆ ಜಾನ್ ಬೀ, ಅರ್ಧ ಸೇರು ರಾಗಿ ಕೊಡ್ತೀನಿ, ನನ್ನ ಬದಲು ನಿನ್ನ ತೋಳು ತೂರಿಸು’ ಅಂತ ಕಾಲಿಗೆ ಬಿದ್ದಳು. ಬೀಳೋದು ಸುಲಭ, ಅವಳನ್ನ ಎಬ್ಬಿಸೋಕೆ ಇಬ್ಬರು ಬೇಕಾಯ್ತು. ನಾನು ರಂಡೆ, ಬೋಳು ಕೈ. ಸಿದ್ದರಾಮುಗೆ ಅನುಮಾನ ಬರಬಾರದಲ್ಲ? ಅವಳ ಬಳೆ ಬಿಚ್ಚಿಸಿ ನಾನು ಹಾಕ್ಕೊಂಡೆ. ಹದಿನೆಂಟು ವರ್ಷದ ಮೇಲೆ ಬಳೆ! ತೂತಿನಿಂದ ತೋಳು ಬುಟ್ಟೆ. ಹುಡುಗ ಮುಖ ತಿರುಗಿಸಿ, ಮುಟ್ಟಿ ನೋಡಿ, ‘ಬಿಬಿ ಜಾನ್ ಅವರಾ?’ ಅಂದ. ಅವಳ ತೋಳು ಕುಂಬಳಕಾಯಿ, ನಂದು ನುಗ್ಗೆಕಾಯಿ. ‘ಕಾಯಿಲೆ ಭಯಕ್ಕೆ ಇಳಿದು ಹೋಗವ್ರೆ ಕಣಪ್ಪ’ ಅಂದೆ ಒಳಗಿನಿಂದ. ನಂಬಿದ. ದೇವರಂಥ ಹುಡುಗ.

ಎರಡನೇದು ಗೌಸ್ ಪೀರನ ತಾಯಿ. ಆರು ಮೊಟ್ಟೆ. ಮೂರು, ನಾಲ್ಕು… ಹೇಳಿದ್ರೆ ನಂಬಲ್ಲ ನೀನು. ಕಾನೂನು ಮಾಡಿದ ನಜೀರ್ ಅಹ್ಮದನ ಇಬ್ಬರು ಹೆಂಡಿರು! ಇಬ್ಬರಿಂದ ಸೇರಿ ಒಂದು ಹಳೇ ಸೀರೆ. ಅದೂ ಇಬ್ಬರೂ ಜಗಳ ಆಡಿ, ಯಾರ ಸೀರೆ ಅಂತ. ನಾಲ್ಕನೇ ಸೂಜಿಗೆ ನನಗೆ ಎಂಥಾ ಜ್ವರ ಗೊತ್ತಾ? ಸತ್ತ ಗಂಡ ಬಂದು ಬಾಗಿಲಲ್ಲಿ ನಿಂತು ‘ಅಡುಗೆ ಏನು?’ ಅಂದಂಗಾಯ್ತು. ‘ನೀವು ಸತ್ತಾಯ್ತಲ್ಲ, ಇನ್ನೂ ಹಸಿವಾ?’ ಅಂದೆ. ತೋಳು ಬಾತು ಬಾತು ಬಾಳೆದಿಂಡು. ಬೆರಳು ಬದನೆಕಾಯಿ. ನೀರಿಗೆ ಹಂಗಾಗ್ತದಾ? ಹೇಳು, ಓದಿದವನು ನೀನು. ನೀರು ಚುಚ್ಚಿದ್ರೆ ಹಂಗೆ ಬಾತ್ಕೊಳ್ತದಾ? ಅದಕ್ಕೇ ಹೇಳಿದ್ದು, ಅವನು ಹಾಕಿದ್ದು ಔಷಧೀನೇ. ಆ ಅರ್ಜಿ ಒಲೆಗೆ ಹಾಕು. ನಾನು ಬೇಕಾದ್ರೆ ದರ್ಗಾದಲ್ಲಿ ಆಣೆ ಇಡ್ತೀನಿ.

ಏನದು, ಬೆರಳು ಮಡಚ್ತಾ ಇದ್ದೀಯ? ಬಿಬಿ ಜಾನ್, ಗೌಸ್ ಪೀರನ ತಾಯಿ, ಇಬ್ಬರು ಹೆಂಡಿರು… ನಾಲ್ಕು. ಹೂಂ. ಐದನೇದು… ಐದನೇದು ನಂದು. ನನಗೆ ಕಾಲರಾ ಬರಬಾರದಾ? ನನಗೂ ರಾಗಿ ಬೇಡವಾ? ಒಳ್ಳೇ ಲೆಕ್ಕ ಕೇಳ್ತೀಯ!

ಹಾಗಾದ್ರೆ ಅವಳು ಯಾಕೆ ಹೋದಳು ಅಂತೀಯಾ? ಔಷಧಿ ಸರಿ ಇದ್ರೆ, ಸೂಜಿ ಬಿದ್ದಿದ್ರೆ… ಅದು ಅಲ್ಲಾನ ಇಷ್ಟ ಕಣಪ್ಪ. ಸೂಜಿ ಹಾಕಿಸ್ಕೊಂಡೋರೆಲ್ಲ ಉಳಿದುಬುಡ್ತಾರಾ? ಆ ನಾಲ್ಕು ಜನ ನೋಡು, ಒಂದು ತೊಟ್ಟು ಔಷಧಿ ಮೈಗೆ ಸೇರಲಿಲ್ಲ, ನಾಲ್ಕೂ ಗುಂಡುಕಲ್ಲಿನಂಗವೆ. ಬೆಳಗಾದ್ರೆ ಬಾವಿ ಹತ್ರ ಜಡೆ ಹಿಡ್ಕೊಂಡು ಕಿತ್ತಾಡ್ತವೆ. ಅಲ್ಲಾನಿಗೂ ನಜೀರ್ ಅಹ್ಮದನಂಗೇ ಒಂದು ಡಿಪೋ ಐತೋ ಏನೋ, ಯಾರಿಗೆ ಎಷ್ಟು ಅಂತ ಅವನೇ… ತೌಬಾ, ತೌಬಾ. ನನ್ನ ಬಾಯಿ.

ಅವಳ ಪೆಟ್ಟಿಗೆ ತೆಗೆದು ನೋಡಿದೆಯಂತೆ. ನಿನ್ನ ಕಾಗದ ಎಲ್ಲಾ ಇದ್ವಾ? ನಿಕಾಹ್ ಸೀರೆ? ಏನು ಕಾಣ್ತಿಲ್ಲ? ಬಳೆ? ಯಾವ ಬಳೆ… ಓ, ನೀನು ಕಲ್ಕತ್ತದಿಂದ ಕಳಿಸಿದ್ದು. ನೀಲಿ ಗಾಜಿಗೆ ಬೆಳ್ಳಿ ಗೆರೆ. ಅದನ್ನ ಹಾಕ್ಕೊಂಡು ಬೀದೀಲಿ ಒಂದು ಮನೆ ಬುಡದೆ ತೋರಿಸಿ ಬಂದಿದ್ದಳು. ‘ಮದ್ದೂರಲ್ಲಿ ಯಾರ ಹತ್ರಾನೂ ಇಲ್ಲ ಖಾಲಾ’ ಅಂತ ಕಿವಿ ಹತ್ರ ಬಂದು ಆಡಿಸೋಳು. ಗಾಜಲ್ವಾ, ಎಲ್ಲೋ ಒಡೆದಿರ್ತದೆ. ಯಾರೋ… ನನಗೆ ಹೆಂಗೋ ಗೊತ್ತು? ಮೈಯತ್ತಿಗೆ ಕೊನೇ ನೀರು ಹಾಕಿದವಳು ನಾನೇ, ಹೌದು. ಕೈಯಲ್ಲಿ ಇರಲಿಲ್ಲ. ಸುಳ್ಳಲ್ಲ, ಅವಳ ಕೈಯಲ್ಲಿ ಇರಲಿಲ್ಲ.

ಇನ್ನೊಂದು ಲೋಟ ತಗೋತೀಯಾ? ಇರು… ಅಯ್ಯೋ, ಉಕ್ತಾ ಐತೆ ಉಕ್ತಾ ಐತೆ, ಚಾ ಎಲ್ಲಾ ಒಲೆಗೆ… ಬಟ್ಟೆ ಎಲ್ಲಿ… ಹಾಂ! ಇಳಿಸಿದೆ. ಸುಟ್ಟೇ ಹೋಯ್ತು ಬೆರಳು.

ಏನು?

ಏನು ಶಬ್ದ? ಪಾತ್ರೆ ಶಬ್ದ. ಲೋಟ ತಗುಲಿರಬೇಕು. ಮುದುಕಿ ಒಲೆ ಮುಂದೆ ಕೂತರೆ ಏನಾದ್ರೂ ಒಂದು ಸದ್ದಾಗ್ತದೆ.

ಯಾಕೋ ಹಂಗೆ ನೋಡ್ತೀಯ… ಮಾತಾಡು. ಬೈಯೋದಾದ್ರೆ ಬೈ. ನೀನು ಹುಟ್ಟಿದಾಗಲೂ ಹಿಂಗೇ, ಹೊರಗೆ ಬಂದು ಅಳಲೇ ಇಲ್ಲ. ನಾನು ಕಾಲು ಹಿಡಿದು ತಲೆಕೆಳಗು ಮಾಡಿ ಎರಡು ಬಿಗಿದ ಮೇಲೇ ಬಾಯಿ ಬುಟ್ಟಿದ್ದು. ರಹೀಮ… ಲೇ…

ಆಯ್ತು. ಆಯ್ತು ಕಣೋ. ವಾಯು ಇಲ್ಲ ಏನಿಲ್ಲ. ನೋಡು, ಸೆರಗು ತೆಗೆದೆ. ಕಣ್ಣು ತುಂಬಾ ನೋಡು. ಎರಡು. ನೀಲಿ ಗಾಜು, ಬೆಳ್ಳಿ ಗೆರೆ. ಐದನೇ ಸೂಜಿ ನಂದಲ್ಲ. ಶಮೀಮಳದು.

ಅವಳ ಮಣಿಕಟ್ಟು ಹೆಂಗಿತ್ತು ನಿನಗೆ ಗೊತ್ತಲ್ಲ, ಎರಡು ಬೆರಳಲ್ಲಿ ಹಿಡೀಬಹುದು. ಸೋಪು ಹಚ್ಚಿ, ಈ ಎಲುಬೆಲ್ಲ ಹಿಂಡಿ, ಕಷ್ಟಪಟ್ಟು ಒಳಗೆ ಹಾಕ್ಕೊಂಡೆ. ಸೂಜಿ ಆದ ಮೇಲೆ ತೆಗೆಯೋಣ ಅಂದ್ರೆ ಕೈ ಬಾತ್ಕೊಂಡೈತೆ. ‘ಇಳೀಲಿ ಬುಡು ಖಾಲಾ, ಆಮೇಲೆ ಕೊಡು’ ಅಂದಳು. ಬಾವು ಇಳಿಯೋಕೆ ಐದು ದಿನ. ಐದನೇ ದಿನ ಬೆಳಗ್ಗೆ ಅವಳಿಗೆ ವಾಂತಿಭೇದಿ ಶುರುವಾಯ್ತು.

ಹೆದರಿದಳು ಕಣಪ್ಪ. ಚಿಕ್ಕ ಹುಡುಗಿ, ಹತ್ತೊಂಬತ್ತು ವರ್ಷ. ಹೊಟ್ಟೇಲಿ ಮಗು. ಸೂಜಿ ಅಂದ್ರೆ ಹೆದರಿದಳು. ‘ನಾನೇ ಹೆದರಿದೆ’ ಅಂದಳು. ಅದಕ್ಕೇ ನಾನು…

ಏನು ತೆಗೀತಾ ಇದ್ದೀಯ? ಕಾಗದವಾ? ಅವಳು ನಿನಗೆ ಬರೆದದ್ದಾ. ಯಾರ ಕೈಲಿ ಬರೆಸಿದ್ದಳು… ಓದಬೇಡ. ನನಗೆ ಗೊತ್ತು ಅದರಲ್ಲಿ ಏನೈತೆ ಅಂತ. ‘ನೀವು ಬರೆದಂತೆ ನಾಳೆ ಸೂಜಿ ಹಾಕಿಸಿಕೊಳ್ಳುತ್ತೇನೆ, ನನಗೆ ಹೆದರಿಕೆ ಇಲ್ಲ.’ ನನ್ನ ಮುಂದೇನೇ ಬರೆಸಿದ್ದಳು.

ಹೆದರಿದ್ದು ಅವಳಲ್ಲ ರಹೀಮ. ನಾನು.

ಅವಳು ರವಿಕೆ ತೋಳು ಮಡಚಿಕೊಂಡು ತೂತಿನ ಹತ್ರ ನಿಂತಿದ್ದಳು. ‘ಅವರು ಬರೆದವ್ರೆ ಖಾಲಾ, ತಪ್ಪದೆ ಹಾಕಿಸ್ಕೋ ಅಂತ’ ಅಂದಳು. ನಾನೇನಂದೆ ಗೊತ್ತಾ? ‘ಲಾರಿ ಬಿಚ್ಚೋನಿಗೆ ಬಸುರಿ ವಿಷಯ ಏನೇ ಗೊತ್ತು? ನನಗೆ ಬಂದ ಜ್ವರ ನಿನಗೆ ಬಂದ್ರೆ ಮಗು ನಿಲ್ಲಲ್ಲ. ಮೂವತ್ತು ವರ್ಷದಲ್ಲಿ ನನ್ನ ಕೈಲಿ ಒಂದು ಬಸಿರು ಕೆಟ್ಟಿಲ್ಲ, ನಿನ್ನದು ಕೆಡೋಕೆ ಬುಡ್ತೀನಾ?’ ಅಂದೆ. ಅವಳನ್ನ ಪಕ್ಕಕ್ಕೆ ತಳ್ಳಿದೆ. ತಳ್ಳಿ, ನನ್ನ ತೋಳು ತೂರಿಸಿದೆ. ಆಚೆಯಿಂದ ಆ ಹುಡುಗ ‘ಶಮೀಮ್ ಬಾನು ಅವರಾ?’ ಅಂದ. ‘ಹೂಂ’ ಅಂದೆ. ಅವಳ ದನಿ ಮಾಡಿ.

ಒಂದು ಬಸಿರು ಕೆಟ್ಟಿಲ್ಲ ಅಂತ ಜಂಬ. ನೋಡು, ಒಂದೇ ದಿನದಲ್ಲಿ ತಾಯಿ, ಮಗು.

ಸಿದ್ದರಾಮುಗೆ ಏನೂ ಗೊತ್ತಿಲ್ಲ. ಸುದ್ದಿ ಕೇಳಿ ಸೈಕಲ್ ತಗೊಂಡು ಡಾಕ್ಟರನ್ನ ಕರೆಯೋಕೆ ಓಡಿದವನು ಅವನೇ. ಬಿದ್ದು ಮಂಡಿ ಒಡ್ಕೊಂಡು ಬಂದ. ಆಮೇಲೆ ನಮ್ಮ ಜಗಲಿ ಮೇಲೆ ಕೂತು ಅತ್ತ. ‘ನಾನು ಹಾಕಿದ ಸೂಜಿ ಯಾಕೆ ಹಿಡೀಲಿಲ್ಲವ್ವ’ ಅಂತ ನನ್ನನ್ನೇ ಕೇಳಿದ. ನನ್ನನ್ನೇ! ನಾನು ಸೆರಗಿನೊಳಗೆ ಈ ಕೈ ಹಿಡ್ಕೊಂಡು ‘ಅಲ್ಲಾನ ಇಷ್ಟ ಕಣಪ್ಪ’ ಅಂದೆ.

ಅರ್ಜಿ ಹರೀಬೇಡ. ಕೊಡು ಇಲ್ಲಿ. ನಿನಗೆ ಪೆನ್ನಿಲ್ವಾ? ಮೋಡ ಹಂಗೇ ಇರಲಿ. ಸಿದ್ದರಾಮು ಅಂತ ಎಲ್ಲೆಲ್ಲಿ ಐತೋ ಅಲ್ಲೆಲ್ಲ ಜಾನ್ ಬೀ ಅಂತ ಬರಿ. ಹೆಬ್ಬೆಟ್ಟು ಒತ್ತಿ ಕೊಡ್ತೀನಿ. ಮಂಡ್ಯ ಜೈಲಲ್ಲಿ ಬಸುರಿಯರು ಇರಲ್ಲ, ಒಳ್ಳೇದೇ ಆಯ್ತು.

ಯಾಕೆ ಬರೀತಾ ಇಲ್ಲ? ಬಳೇನೇ ನೋಡ್ತಾ ಇದ್ದೀಯ. ಅವಳು ಎಷ್ಟು ಬಾಡಿಗೆ ಕೊಟ್ಟಳು ಅಂತಲಾ? ಏನೂ ತಗೊಳ್ಳಲಿಲ್ಲ ಕಣೋ. ಬಿಬಿ ಜಾನ್ ಹತ್ರ ರಾಗಿ ಅಳೆದು ಇಸ್ಕೊಂಡವಳು, ಅವಳ ಹತ್ರ ಒಂದು ಕಾಳು… ಇಲ್ಲ. ಕೊಟ್ಟಳು. ತೋಳಿನ ಬಾಡಿಗೆ ಅಲ್ಲ. ಬೇರೆ ಕೆಲಸಕ್ಕೆ.

ಇಳಿಹೊತ್ತಲ್ಲಿ, ಅಸರ್ ನಮಾಜಿನ ಹೊತ್ತಿಗೆ, ಅವಳ ದನಿ ಇಳಿದಿತ್ತು. ಕಣ್ಣು ಒಳಗೆ ಹೋಗಿದ್ವು. ನಾನು ಸೋಪಿನ ನೊರೆ ಮಾಡ್ಕೊಂಡು ಬಳೆ ಎಳೀತಾ ಕೂತಿದ್ದೆ, ಅವಳ ಕೈಗೆ ವಾಪಸ್ ಹಾಕಬೇಕು ಅಂತ. ಹುಚ್ಚು ನನಗೆ. ಅವಳು ನನ್ನ ಕೈ ತಡೆದಳು. ‘ಇರಲಿ ಖಾಲಾ, ಅದು ನಿನ್ನ ಕೂಲಿ’ ಅಂದಳು. ‘ಯಾವ ಕೂಲಿಯೇ?’ ಅಂದೆ. ‘ನೀನು ಬೇಡ ಅಂದೆ ಅಂತ ಅವರಿಗೆ ಹೇಳಬೇಡ. ನಾನೇ ಹೆದರಿದೆ ಅನ್ನು. ನನ್ನ ಮೇಲೆ ಕೋಪ ಮಾಡ್ಕೊಂಡ್ರೆ ಬೈಸ್ಕೊಳ್ಳೋಕೆ ನಾನಿರಲ್ಲ. ನೀನು ಇರ್ತೀಯ.’

ಬಾಯಿ ಮುಚ್ಕೊಂಡಿರೋಕೆ ಕೊಟ್ಟ ಕೂಲಿ ಕಣೋ ಇದು. ನೋಡು, ಆ ಕೆಲಸಾನೂ ನನ್ನ ಕೈಲಿ ಆಗಲಿಲ್ಲ.

ತಗೋ, ಕೈ ಚಾಚಿದ್ದೀನಿ. ಸೋಪಿನ ಚೂರು ಅಗೋ, ಆ ಗೂಡಲ್ಲೈತೆ. ಒಡೀಬೇಡ… ಮೆಲ್ಲಗೆ ಎಳಿ. ನೋವಾದ್ರೂ ನಾನು ಬಾಯಿ ಬುಡಲ್ಲ.